ಸಾವ್ಕಾರನ ಖೋಲಿಯಲ್ಲಿ ನಾನು

ನಾನು ಪುಕ್ಕಲನಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು. ನಾನು ಮುಂಜಾಗ್ರತೆಯ ಮನುಷ್ಯ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸು ಬಂದು ನೋಡುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುವುದು, ಇವೆಲ್ಲ ವಿವೇಕದ ಲಕ್ಷಣಗಳು. ನನ್ನ ಹೆಂಡತಿ ಪದ್ಮಾ ಈ ವಿವೇಕಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ.

ಇಂಥ ನಾನು, ಕಲಬುರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ, ಗುಡ್ಡ ಹತ್ತಿ ಹಳ್ಳ ಇಳಿಯುವ ಹಳೆಯ ಜೀಪೊಂದನ್ನು ಕೊಂಡೆ. ಗುಡ್ಡ ಹತ್ತುವ ಆಸೆಯಿಂದಲ್ಲ, ಹೆದರಿಕೆಯಿಂದ.

ಪದ್ಮಾಗೆ ಮಂತ್ರಾಲಯ, ಪಂಢರಪುರ, ಉಡುಪಿ ಎಲ್ಲ ಒಂದೇ ಸುತ್ತಿನಲ್ಲಿ ನೋಡುವ ಆಸೆ. ಅದಕ್ಕೆ ಎರಡು ಅಡ್ಡಿ. ಒಂದು ನಮ್ಮ ನಾಯಿ. ಅದರ ಹೆಸರು ಸಾವ್ಕಾರ. ಕರೆದರೆ ಬರುವುದಿಲ್ಲ, ಪದ್ಮಾ ಹಾಕದಿದ್ದರೆ ಉಣ್ಣುವುದಿಲ್ಲ, ಯಾವ ಲಾಡ್ಜಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನೊಂದು ನಮ್ಮ ದೇವರ ಪೆಟ್ಟಿಗೆ. ನಮ್ಮ ಮನೆತನದಲ್ಲಿ ಸಾಲಿಗ್ರಾಮದ ಪೂಜೆ ಒಂದು ದಿನವೂ ತಪ್ಪುವಂತಿಲ್ಲ. ಯಜಮಾನ ಊರಿಗೆ ಹೋದರೆ ಪೆಟ್ಟಿಗೆಯೂ ಅವನ ಜೊತೆ ಹೊರಡಬೇಕು. ನಾಯಿ ಇದ್ದಲ್ಲಿ ಮಡಿ ಇಲ್ಲ, ಮಡಿ ಇದ್ದಲ್ಲಿ ನಾಯಿ ಇಲ್ಲ. ಹೀಗಾಗಿ ನಾವು ವರ್ಷಗಟ್ಟಲೆ ಎಲ್ಲಿಗೂ ಹೋಗಿರಲಿಲ್ಲ.

ಆಗ ಪದ್ಮಾಳ ತಮ್ಮ ಪ್ರಾಣೇಶ ಬಂದ. ಕಮಲಾಪುರದಲ್ಲಿ ಅವನದು ಬಾಳೆಯ ತೋಟ.

"ಅಕ್ಕಾ, ನನ್ನ ಜೋಡಿ ಯಾತ್ರಾ ಬಸ್ಸಿನ್ಯಾಗ ಬಂದುಬಿಡು. ತಿಂಗಳೊಪ್ಪತ್ತು ತಿರಗಾಡಿ ಬರೋಣು. ಭಾವಜಿ ಮನ್ಯಾಗ ಇದ್ದು ದೇವರನ್ನೂ ನೋಡ್ಕೋತಾರ, ನಾಯಿನೂ ನೋಡ್ಕೋತಾರ."

ಒಬ್ಬನೇ ಮನೆಯಲ್ಲಿ ಇರುವುದೆಂದರೆ ನನಗೆ ನಿಜಕ್ಕೂ ಭಯ. ಹಗಲು ಹೇಗೋ ಕಳೆದುಹೋಗುತ್ತದೆ. ಹೊತ್ತು ಮುಳುಗಿತೆಂದರೆ ಅಡುಗೆಮನೆಯ ಡಬ್ಬಿ ಸಪ್ಪಳವಾದರೂ ಎದೆ ಧಸಕ್ಕೆನ್ನುತ್ತದೆ. ಇದನ್ನು ಹೆಂಡತಿಯ ತಮ್ಮನ ಮುಂದೆ ಹೇಳಲಾಗುತ್ತದೆಯೇ?

"ಬಸ್ ಯಾಕೋ?" ಎಂದು ಗಂಭೀರವಾಗಿ ಕೇಳಿದೆ. "ಗಾಡೀನೇ ಮನಿ ಮಾಡಿಬಿಡ್ತೀನಿ. ನಾನು, ಪದ್ಮಾ, ದೇವರು, ಸಾವ್ಕಾರ ಎಲ್ಲಾರೂ ಹೋಗತೀವಿ."

ಮರುವಾರವೇ ಜೀಪು ಬಂತು. ಅದನ್ನು ಕಪನೂರಿನ ಖಾಜಾಭಾಯಿಯ ಶೆಡ್ಡಿಗೆ ಒಯ್ದೆ. ಅವನು ಬಡಗಿ, ಬಾಯಿ ದೊಡ್ಡದು.

"ಒಳಗ ಏನೇನು ಬೇಕ್ರಿ ಸಾಬ್?"

"ಇಬ್ಬರು ಮಲಗಲಿಕ್ಕೆ ಹಾಸಿಗಿ, ಸಾಮಾನಿಗೆ ಜಾಗ, ನಾಯಿಗೆ ಖೋಲಿ, ದೇವರಿಗೆ ಮಡಿ ಜಾಗ."

ಖಾಜಾಭಾಯಿ ಜೀಪಿನೊಳಗೆ ಇಣುಕಿದ. ಆಮೇಲೆ ನನ್ನ ಮುಖ ನೋಡಿದ. "ಇಷ್ಟೆಲ್ಲಾ ನನ್ನ ಮನ್ಯಾಗೂ ಇಲ್ರಿ ಸಾಬ್!"

ಆದರೂ ಒಪ್ಪಿಕೊಂಡ. ಹಿಂದಿನ ಸೀಟುಗಳನ್ನೆಲ್ಲ ಕಿತ್ತು ಪ್ಲೈವುಡ್ಡಿನ ಮಂಚ ಮಾಡಿದೆವು. ದೇವರ ಮೇಲೆ ನಾವು ಮಲಗುವಂತಿಲ್ಲ, ದೇವರ ಕಡೆಗೆ ಕಾಲು ಚಾಚುವಂತಿಲ್ಲ, ನಾಯಿಯ ಮೂಗು ಅಲ್ಲಿಗೆ ತಲುಪುವಂತಿಲ್ಲ. ಹೀಗಾಗಿ ಪೆಟ್ಟಿಗೆಗೆ ಡ್ರೈವರ್ ಸೀಟಿನ ಹಿಂದೆ, ಎತ್ತರದಲ್ಲಿ ಒಂದು ಹಲಗೆ. ಅದರ ಕಡೆಗೆ ನಮ್ಮ ತಲೆ, ಹಿಂದಿನ ಬಾಗಿಲ ಕಡೆಗೆ ಕಾಲು. ಮಂಚದ ಕೆಳಗೆ ಎಡಕ್ಕೆ ಒಲೆ, ಪಾತ್ರೆ, ದಿನಸಿಯ ಡ್ರಾವರುಗಳು. ಬಲಕ್ಕೆ ಉದ್ದಕ್ಕೂ ಸುರಂಗದಂಥ ಒಂದು ಖೋಲಿ. ಅದು ಸಾವ್ಕಾರನದು.

ಇನ್ನು ಮುಂಜಾಗ್ರತೆ. ಬ್ರೇಕ್ ಹಾಕಿದಾಗ ಡ್ರಾವರ್ ಜಾರಿ ಬಂದರೆ? ಚಿಲಕ ಹಾಕಿಸಿದೆ. ಏರು ಹತ್ತುವಾಗ ನಾಯಿ ಹಿಂದಿನಿಂದ ಉದುರಿದರೆ? ಅದರ ಖೋಲಿಗೆ ಜಾಳಿಗೆಯ ಬಾಗಿಲು ಹಾಕಿಸಿದೆ. ನಾಯಿ ಬಾಗಿಲು ನೂಕಿದರೆ? ತಾನಾಗಿಯೇ ಟಕ್ ಎಂದು ಬೀಳುವ ಸ್ಪ್ರಿಂಗಿನ ಚಿಲಕ, ಅದೂ ಹೊರಗಿನಿಂದ. ಒಳಗೆ ಉಸಿರು ಕಟ್ಟಿದರೆ? ಜೀಪಿನ ಪಕ್ಕಕ್ಕೇ ಅಂಗೈಯಗಲ ಒಂದು ತೂತು ಕೊರೆಸಿದೆ. ಹೊಸ ಹೆದರಿಕೆ ಹೊಳೆದಾಗಲೆಲ್ಲ ಕಪನೂರಿಗೆ ಓಡುತ್ತಿದ್ದೆ.

"ಸಾಬ್, ಇದು ಗಾಡಿನೋ ಜೇಲೋ?" ಎಂದು ಕೊನೆಗೆ ಖಾಜಾಭಾಯಿ ಕೈ ಮುಗಿದ.

ಜೀಪು ಮನೆಗೆ ಬಂತು. ಸಾವ್ಕಾರ ತನ್ನ ಖೋಲಿಯನ್ನು ಮೂಸಿ ನೋಡಿದ, ಸೀನಿದ, ನೇರವಾಗಿ ಹೋಗಿ ಡ್ರೈವರ್ ಸೀಟಿನಲ್ಲಿ ಕೂತ. ಬೆಲ್ಲ, ಬಿಸ್ಕೀಟು, ಬೈಗುಳ, ಯಾವುದಕ್ಕೂ ಜಗ್ಗಲಿಲ್ಲ. ಹೊಸ ಜಾಗ, ಹೊರಗೆ ಒಯ್ದರೆ ಸರಿಹೋಗುತ್ತಾನೆ ಎಂದು ನಾನು ಪದ್ಮಾಳನ್ನು ನಂಬಿಸಿದೆ.

ಹೀಗೆ ಒಂದು ಭಾನುವಾರ ಪರೀಕ್ಷಾರ್ಥ ಪ್ರಯಾಣಕ್ಕೆ ಕಮಲಾಪುರಕ್ಕೆ ಹೊರಟೆವು. ಮೊದಲ ಪ್ರಯೋಗಕ್ಕೇ ದೇವರನ್ನು ಒಡ್ಡಲು ನನಗೆ ಧೈರ್ಯವಾಗಲಿಲ್ಲ. ಪೆಟ್ಟಿಗೆ ಎಷ್ಟು ಅಲುಗಾಡುತ್ತದೆ ನೋಡೋಣವೆಂದು ಖಾಲಿ ಪೆಟ್ಟಿಗೆಯಲ್ಲಿ ಒಂದು ತೆಂಗಿನಕಾಯಿ ಇಟ್ಟು ಹಲಗೆಗೆ ಕಟ್ಟಿದೆ. ಹುಮನಾಬಾದ್ ರಸ್ತೆಯಲ್ಲಿ ನಾನು ಎಷ್ಟು ಜಾಗರೂಕತೆಯಿಂದ ಗಾಡಿ ಓಡಿಸಿದೆನೆಂದರೆ, ಹಿಂದಿನಿಂದ ಬಂದ ಲಾರಿಗಳೆಲ್ಲ ಹಾರ್ನಿನಲ್ಲೇ ನನ್ನನ್ನು ಬೈದು ಮುಂದೆ ಹೋದವು.

ಪ್ರಾಣೇಶ ತೋಟದ ಬಾಗಿಲಲ್ಲೇ ಕಾಯುತ್ತಿದ್ದ. "ಭಾವಜಿ, ಇಲ್ಲಿ ಬೇವಿನ ಗಿಡದ ಕೆಳಗ ಹಚ್ರಿ ಗಾಡಿ. ಜಾಗ ಸಪಾಟ ಅದ, ನೆಳ್ಳೂ ಅದ."

ನಾನು ಮೊಬೈಲಿನಲ್ಲಿ ದಿಕ್ಕು ನೋಡಿದೆ. ಬೇವಿನ ಮರದ ಕೆಳಗೆ ಜೀಪಿನ ಮೂತಿ ಉತ್ತರಕ್ಕೆ ಬರುತ್ತಿತ್ತು. ಮೂತಿ ಉತ್ತರಕ್ಕೆಂದರೆ ಮಲಗಿದಾಗ ನಮ್ಮ ತಲೆ ಉತ್ತರಕ್ಕೆ!

"ಉತ್ತರಕ್ಕ ತಲಿ ಹಾಕಿ ಮಲಗಬಾರದೋ ಪ್ರಾಣೇಶ."

"ಮಧ್ಯಾಹ್ನದ ನಿದ್ದಿಗೂ ದಿಕ್ಕು ಅದ ಏನ್ರಿ?"

"ನಿದ್ದಿಗೆ ಹೊತ್ತು ಇಲ್ಲ. ದಿಕ್ಕು ಅದ."

ದಕ್ಷಿಣಕ್ಕೆ ತಿರುಗಿಸಬೇಕೆಂದರೆ ಹಿಂದೆ ಹಿಂದೆ ಹೋಗಬೇಕು. ಹಿಂದೆ ಹೋಗುವುದು ನನಗೆ ಬಾರದ ವಿದ್ಯೆ. ತೋಟದಲ್ಲೆಲ್ಲ ಸುತ್ತಿ ಸುತ್ತಿ ಕೊನೆಗೆ ಒಂದೇ ಒಂದು ಕಡೆ ಪೂರ್ವ ದಿಕ್ಕು ಸಿಕ್ಕಿತು. ಅದು ಇಳಿಜಾರು. ಜೀಪಿನ ಮೂತಿ ಮೇಲಕ್ಕೆ, ಬಾಲ ಕೆಳಕ್ಕೆ. ಕೆಳಗೆ, ಸ್ವಲ್ಪ ದೂರದಲ್ಲಿ, ಕಟ್ಟೆ ಇಲ್ಲದ ತೋಟದ ಬಾವಿ. ಪಕ್ಕದಲ್ಲಿ ಕೆಂಪು ಬಾಳೆಯ ಗೊನೆ ತುಂಬಿಕೊಂಡ ಟೆಂಪೋ ಒಂದು ನಿಂತಿತ್ತು. ಹ್ಯಾಂಡ್‌ಬ್ರೇಕ್ ಎಳೆದೆ. ಗೇರಿನಲ್ಲಿ ನಿಲ್ಲಿಸಿದೆ. ನಾಲ್ಕೂ ಗಾಲಿಗಳ ಹಿಂದೆ ಕಲ್ಲು ಇಟ್ಟೆ. ಮುಂಜಾಗ್ರತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೀಲಿ ಮಾತ್ರ ಗಾಡಿಯಲ್ಲೇ ಬಿಟ್ಟೆ!

ಊಟವಾಯಿತು. ತಮ್ಮನ ಜೊತೆ ಬಾಳೆ ನೋಡಲು ಹೊರಟ ಪದ್ಮಾ ತಿರುಗಿ ನಿಂತಳು.

"ರೀ, ನಾ ವಾಪಸ್ ಬರೋದ್ರೊಳಗ ಸಾವ್ಕಾರ ಆ ಖೋಲಿಯೊಳಗ ಮಲಗಿರಬೇಕು. ಇಲ್ಲಂದ್ರ ನಾ ಪ್ರಾಣೇಶನ ಜೋಡಿ ಬಸ್ಸಿಗೇ ಹೋಗ್ತೀನಿ ನೋಡ್ರಿ. ಎಷ್ಟ ದಿನ ಕಾಯ್ಲಿ?"

ಒಂದು ತಿಂಗಳು, ಒಬ್ಬನೇ!

ಶೇಂಗಾ ಹೋಳಿಗೆ ತೆಗೆದುಕೊಂಡು ಸಾವ್ಕಾರನ ಬೆನ್ನು ಹತ್ತಿದೆ. ಖೋಲಿಯ ಬಾಯಲ್ಲಿ ಒಂದು ತುಂಡು ಇಟ್ಟೆ. ಬಾಯಿ ಚಾಚಿ ತಿಂದ, ಕಾಲು ಒಳಗಿಡಲಿಲ್ಲ. ಇನ್ನೂ ಒಳಗೆ ಎಸೆದೆ. ಆಕಳಿಸಿದ. ಒಳಗೆ ಭಯವಿಲ್ಲ ಎಂದು ತೋರಿಸಿಕೊಟ್ಟರೆ ನಾಯಿ ಹಿಂಬಾಲಿಸುತ್ತದೆ ಎಂದು ಎಲ್ಲೋ ಓದಿದ್ದೆ. ಭಯವಿಲ್ಲ ಎಂದು ತೋರಿಸುವುದಕ್ಕೆ ಜಗತ್ತಿನಲ್ಲಿ ನನ್ನಷ್ಟು ಅಯೋಗ್ಯ ಇನ್ನೊಬ್ಬನಿಲ್ಲ. ಆದರೂ ಹೋಳಿಗೆಯನ್ನು ಕೈಯಲ್ಲಿ ಮುಂದೆ ಚಾಚಿಕೊಂಡು ತಲೆ ಮುಂದಾಗಿ ತೆವಳಿದೆ. ಭುಜ ಹೋಯಿತು. ಹೊಟ್ಟೆ ಕಷ್ಟಪಟ್ಟು ಹೋಯಿತು. ಕಾಲೂ ಹೋಯಿತು. ಸಾವ್ಕಾರ ನನ್ನ ಅಂಗಾಲು ಮೂಸಲು ಬಂದು ಬಾಗಿಲಿಗೆ ಮೈ ತಾಗಿಸಿದ.

ಟಕ್!

ಖಾಜಾಭಾಯಿಯ ಚಿಲಕ ಅದ್ಭುತವಾಗಿ ಕೆಲಸ ಮಾಡಿತು.

ಒದ್ದೆ. ಬಾಗಿಲು ಅಲುಗಲಿಲ್ಲ. ತಿರುಗಲು ನೋಡಿದೆ. ನಾಯಿಯ ಅಳತೆಯ ಖೋಲಿಯಲ್ಲಿ ಮನುಷ್ಯ ತಿರುಗುವುದಿಲ್ಲ. ಮೈಯೆಲ್ಲ ಬೆವರಿತು. ಜಾಳಿಗೆ ಕಾಲ ಕಡೆಗಿತ್ತು, ಮುಖಕ್ಕೆ ಇದ್ದ ಒಂದೇ ಬೆಳಕೆಂದರೆ ಪಕ್ಕದ ತೂತು. ಅದಕ್ಕೆ ಕಣ್ಣು ಹಚ್ಚಿದೆ. ಟೆಂಪೋದ ಕೆಂಪು ಬಾಳೆಗೊನೆಗಳು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಅಷ್ಟರಲ್ಲಿ ಎಂಜಿನ್ ಶುರುವಾದ ಸದ್ದು! ನನ್ನ ಕೆಳಗಿನ ಹಲಗೆ ಗಡಗಡ ನಡುಗಿತು. ಅದರ ಹಿಂದೆಯೇ ನಮ್ಮ ಜೀಪಿನ ಹಾರ್ನು, ಪೀಂ ಪೀಂ! ಸಾವ್ಕಾರ ಮಂಚ ಹತ್ತಿ ಡ್ರೈವರ್ ಸೀಟಿಗೆ ಹೋಗಿದ್ದಾನೆ. ಕೀಲಿ ಅಲ್ಲೇ ಇದೆ. ನಾಯಿ ಗಾಡಿ ಚಾಲೂ ಮಾಡಿದೆ!

ತೂತಿನಲ್ಲಿ ನೋಡಿದೆ. ಬಾಳೆಗೊನೆಗಳು ಮೆಲ್ಲಗೆ ಮುಂದೆ ಸರಿಯುತ್ತಿದ್ದವು. ಅಂದರೆ ನಾವು ಹಿಂದೆ ಸರಿಯುತ್ತಿದ್ದೇವೆ. ಹಿಂದೆ ಎಂದರೆ ಕೆಳಗೆ. ಕೆಳಗೆ ಎಂದರೆ ಬಾವಿ!

"ಪದ್ಮಾ! ಬಾವಿ! ಬಾವಿ!" ಎಂದು ಕಿರುಚಿದೆ. ತಲೆಯ ಮೇಲೆ ದೇವರ ಪೆಟ್ಟಿಗೆ ಇದೆಯಲ್ಲ, ಅದರ ಕಡೆಗೆ ಮನಸ್ಸಿನಲ್ಲೇ ಕೈ ಮುಗಿದು ಹರಕೆಗಳ ಮೇಲೆ ಹರಕೆ ಹೊತ್ತೆ. ಉರುಳುಸೇವೆ ಮಾಡುತ್ತೇನೆಂದೆ, ತಲೆಗೂದಲು, ಈರುಳ್ಳಿ, ಚಹಾ, ಎಲ್ಲ ಬಿಟ್ಟುಕೊಟ್ಟೆ. ಪೆಟ್ಟಿಗೆಯಲ್ಲಿದ್ದದ್ದು ತೆಂಗಿನಕಾಯಿ ಎಂಬುದು ಆಗ ನೆನಪಾಗಲಿಲ್ಲ.

ದೂರದಲ್ಲಿ ಪದ್ಮಾಳ ದನಿ ಕೇಳಿಸಿತು. "ಅಯ್ಯೋ! ಬಾವ್ಯಾಗ ಬಿದ್ದಾರೋ ಪ್ರಾಣೇಶ! ಹೋದರಲ್ಲೋ!"

ನಾನು ಹೋದದ್ದು ಖಾತ್ರಿಯಾಯಿತು. ಆಮೇಲೆ ಧುಡುಂ ಎಂಬ ಸದ್ದು. ನೀರಿಗೆ ಬಿದ್ದ ಸದ್ದೇ ಅದು! ಒಂದು ಕ್ಷಣದಲ್ಲಿ ನನ್ನ ಕುತ್ತಿಗೆಯ ಮೇಲೆ ತಣ್ಣನೆಯ ನೀರು ಇಳಿಯತೊಡಗಿತು. ಜೀಪು ಮುಳುಗುತ್ತಿತ್ತು. ಆಗ ಹಾಸ್ಯವೇನೂ ಇರಲಿಲ್ಲ, ಸುಳ್ಳು ಹೇಳುವುದಿಲ್ಲ. ಪದ್ಮಾಳ ಜೊತೆ ಇಷ್ಟು ವರ್ಷ ಇದ್ದು ಒಂದು ಊರನ್ನೂ ತೋರಿಸಲಿಲ್ಲವಲ್ಲ ಎಂದು ಅಳು ಬಂತು. ಆದರೂ ಜೀವದ ಆಸೆ. ಉಸಿರು ಎಳೆದುಕೊಂಡು, ಮೂಗು ಗಟ್ಟಿಯಾಗಿ ಹಿಡಿದು, ಬಾಯಿ ಮುಚ್ಚಿ ಬಿದ್ದುಕೊಂಡೆ.

ಆಚೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ನನ್ನ ಕೂಗು ಕೇಳಿ ಎಲ್ಲರೂ ಜೀಪನ್ನು ದಾಟಿ ಬಾವಿಗೆ ಓಡಿದ್ದರು. ಧುಡುಂ ಎಂದದ್ದು ತೋಟದ ಆಳು ಶರಣಪ್ಪ, ನನ್ನನ್ನು ಹುಡುಕಲು ಹಾರಿದ್ದ. ಅವನು ಮುಳುಗಿ ಎದ್ದಾಗ ಕೈಯಲ್ಲಿ ಯಾರದೋ ಹಳೆಯ ಚಪ್ಪಲಿ ಇತ್ತು. "ಸಾಹೇಬ್ರ ಚಪ್ಲಿ ಸಿಕ್ತು ನೋಡ್ರಿ!" ಎಂದ. ಪದ್ಮಾ ಅಲ್ಲೇ ಕುಸಿದು ಕೂತಳು. ನಾನು ಇನ್ನೊಂದು ಸಲ ಕೂಗಿದ್ದರೆ ಸಾಕಿತ್ತು. ಆದರೆ ನಾನು ಉಸಿರು ಹಿಡಿದಿದ್ದೆನಲ್ಲ!

ಕೊನೆಗೆ ಸಾವ್ಕಾರ ಜಾಳಿಗೆಗೆ ಮೂತಿ ಹಚ್ಚಿ ಬೊಗಳತೊಡಗಿದ. ಓಡಿ ಬಂದು ಚಿಲಕ ತೆಗೆದವಳು ಪದ್ಮಾ. ಪ್ರಾಣೇಶ ಕಾಲು ಹಿಡಿದು ಎಳೆದ. ನಾನು ಹೊರಬಂದೆ, ಮೂಗು ಹಿಡಿದುಕೊಂಡು, ಕೆನ್ನೆ ಉಬ್ಬಿಸಿಕೊಂಡು.

"ಏನ್ ಮಾಡ್ಲಿಕ್ಕತ್ತೀರಿ?" ಎಂದಳು ಪದ್ಮಾ.

ಉಸಿರು ಬಿಟ್ಟೆ. "ಎಷ್ಟ ಆಳಕ್ಕ ಹೋಗಿದ್ವಿ?"

"ಎಲ್ಲಿ ಆಳಾ? ಜೀಪು ಹಚ್ಚಿದಲ್ಲೇ ಅದ!"

ನೋಡಿದೆ. ನಾಲ್ಕೂ ಕಲ್ಲು ಗಾಲಿಗಳ ಹಿಂದೆ ನೆಮ್ಮದಿಯಾಗಿದ್ದವು. ಪಕ್ಕದ ಟೆಂಪೋ ಹೊರಟುಹೋಗಿತ್ತು, ನಾನು ಕೇಳಿದ ಎಂಜಿನ್ ಸದ್ದು ಅದರದು. ಹಾರ್ನು ಒತ್ತಿದ್ದು ಸಾವ್ಕಾರನ ಕಾಲು. ಕುತ್ತಿಗೆಗೆ ಇಳಿದದ್ದು ಅವನು ಮಂಚದ ಮೇಲೆ ಉರುಳಿಸಿದ ಕ್ಯಾನಿನ ಕುಡಿಯುವ ನೀರು. ಪಕ್ಕದ ರೈಲು ಹೊರಟರೆ ನಮ್ಮ ರೈಲೇ ಹೊರಟಂತೆ ಏಕೆ ಅನ್ನಿಸುತ್ತದೆ ಎಂದು ನಾನು ಪ್ರತಿವರ್ಷ ಮೊದಲ ಪಾಠದಲ್ಲೇ ಹೇಳಿಕೊಡುತ್ತಿದ್ದೆ.

ಪ್ರಾಣೇಶ ಬಹಳ ಮೆಲ್ಲಗೆ ಕೇಳಿದ. "ಭಾವಜಿ, ನೀವು ಕಾಲೇಜಿನ್ಯಾಗ ಯಾವ ವಿಷಯ ಹೇಳ್ತಿದ್ರಿ?"

ಅವನು ಗೊತ್ತಿದ್ದೇ ಕೇಳಿದ್ದ. ನಾನೂ ಗೊತ್ತಿದ್ದೇ ಹೇಳಿದೆ. "ಇತಿಹಾಸ!"

ಪದ್ಮಾ ನನ್ನ ತೋಳು ಹಿಡಿದವಳು ಬಿಡಲಿಲ್ಲ. "ನನ್ನ ಜೀವಾನ ಹೋಗಿತ್ತು ರೀ," ಎಂದು ಅತ್ತಳು. ಆಮೇಲೆ ಮನಸಾರೆ ಬೈದಳು. ಬೈಯುವಾಗಲೂ ತೋಳು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಸಾವ್ಕಾರ, ನಾನು ಒಳಗೇ ಬಿಟ್ಟುಬಂದ ಹೋಳಿಗೆ ಹುಡುಕಿಕೊಂಡು ಖೋಲಿಯೊಳಗೆ ಹೋಗಿ, ತಿಂದು, ಅಲ್ಲೇ ಸುರುಳಿ ಸುತ್ತಿ ಮಲಗಿಬಿಟ್ಟಿದ್ದ.

"ನೋಡಿದ್ಯಾ, ಪರೀಕ್ಷಾ ಪಾಸು!" ಎಂದೆ ನಾನು.

"ಹೌದ್ರಿ," ಎಂದಳು ಪದ್ಮಾ, ಕಣ್ಣೊರೆಸಿಕೊಂಡು ಜೀಪನ್ನು ಸುತ್ತಿ ನೋಡುತ್ತ. "ಗಾಡಿ ಛಲೋ ಆಗ್ಯದ. ಹಾಸಿಗಿ ಛಲೋ ಅದ, ಸಾಮಾನಿಗೂ ಜಾಗ ಅದ, ಸಾವ್ಕಾರನೂ ಒಗ್ಗಿದ. ಒಂದ ಸಾಮಾನು ಹೆಚ್ಚಾಗ್ಯದ."

"ಯಾವುದು?"

ಅವಳು ನನ್ನನ್ನೇ ನೋಡುತ್ತಿದ್ದಳು.

"ದಾರಿಯೊಳಗ ಎಷ್ಟು ಬಾವಿ ಇರ್ತಾವ ರೀ! ಒಂದೊಂದಕ್ಕೂ ನನ್ನ ಎದಿ ಹಿಂಗ ಹಾರಿದ್ರ ನಾ ಉಡುಪಿ ಮುಟ್ಟೋದಿಲ್ಲ. ಪ್ರಾಣೇಶ ಗಾಡಿ ಹೊಡೀತಾನ. ನೀವು ದೇವರ ಪೂಜಾ ಮಾಡ್ಕೊಂಡು ಮನ್ಯಾಗ ಇರ್ರಿ. ನನಗ ನಿಶ್ಚಿಂತಿ."

ಈಗ ಅವರು ಪಂಢರಪುರ ಮುಗಿಸಿ ದಕ್ಷಿಣಕ್ಕೆ ಇಳಿದಿದ್ದಾರೆ. ಪದ್ಮಾ ಮಂಚದ ಮೇಲೆ, ಪ್ರಾಣೇಶ ಮುಂದಿನ ಸೀಟಿನಲ್ಲಿ, ಸಾವ್ಕಾರ ತನ್ನ ಖೋಲಿಯಲ್ಲಿ. ಎಲ್ಲರಿಗೂ ಒಳ್ಳೆಯ ನಿದ್ದೆಯಂತೆ. ನಾನು ಕಲಬುರಗಿಯಲ್ಲಿ ದೇವರ ಜೊತೆಗಿದ್ದೇನೆ. ದಿನಾ ದೀಪ ಹಚ್ಚುವ ಹೊತ್ತಿಗೆ ಪದ್ಮಾ ಫೋನ್ ಮಾಡುತ್ತಾಳೆ.

"ಹೆದರಿಕಿ ಆಗ್ತದೇನ್ರಿ?"

"ಛೇ, ಹೆದರಿಕಿ ಯಾಕ?" ಎನ್ನುತ್ತೇನೆ. "ಒಂದ್ ನಿಮಿಷ ಸಾವ್ಕಾರನ ಹತ್ರ ಫೋನ್ ಹಿಡಿ."

ಸ್ಪೀಕರ್ ಜೋರು ಮಾಡಿ ಬೀದಿಯ ಕಿಟಕಿಗೆ ಫೋನ್ ಹಿಡಿಯುತ್ತೇನೆ. ಸಾವ್ಕಾರ ಅಲ್ಲಿಂದ ನಾಲ್ಕು ಸಲ ಬೊಗಳುತ್ತಾನೆ. ಈ ಮನೆಯಲ್ಲಿ ನಾಯಿ ಇದೆ ಎಂದು ಕಳ್ಳರಿಗೆ ತಿಳಿಯುತ್ತದೆ.

ನಿನ್ನೆ ಅವರು ಯಾವುದೋ ಘಟ್ಟದಲ್ಲಿದ್ದರು, ಫೋನ್ ಹತ್ತಲಿಲ್ಲ. ಹೊತ್ತು ಮುಳುಗುತ್ತ ಬಂತು. ಅಡುಗೆಮನೆಯಲ್ಲಿ ಡಬ್ಬಿ ಸಪ್ಪಳವಾಯಿತು. ಬೇರೆ ದಾರಿ ಕಾಣಲಿಲ್ಲ. ಕಿಟಕಿಯ ಮರೆಯಲ್ಲಿ ನಿಂತು ನಾನೇ ಬೊಗಳಿದೆ.

ಪಕ್ಕದ ಮನೆಯ ಅಂಬಾಬಾಯಿ ಕಾಂಪೌಂಡಿನ ಆಚೆಯಿಂದ ಕೂಗಿದರು. "ಸಾವ್ಕಾರ ಬಂದನೇನ್ರಿ? ಯಾಕೋ ಭಾಳ ಅಂಜಿದಂಗ ಬೊಗಳ್ಲಿಕ್ಕತ್ತದ ನೋಡ್ರಿ!"