ನಮ್ಮ ಓಣಿಯ ಮಟ್ಟಿಗೆ ಗ್ರಹಣ ರದ್ದುಪಡಿಸುವ ಕುರಿತು

ಇಂದ,
ಕರುಣಾ, ಬಿ.ಎಸ್ಸಿ.,
ಶ್ರಾವಣಿಯ ತಾಯಿ, ಸುಂದರಮ್ಮನವರ ಸೊಸೆ,
ಕ್ವಾರ್ಟರ್ಸ್ ಓಣಿ, ವಾಡಿ.

ಗೆ,
ಶ್ರೀ ಸೂರ್ಯನಾರಾಯಣರು,
ಮುಖ್ಯಸ್ಥರು, ಹಗಲು ವಿಭಾಗ,
ಆಕಾಶ.

ವಿಷಯ: ಬರುವ ಅಮಾವಾಸ್ಯೆಯ ಗ್ರಹಣವನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: ೧) ಟಿ.ವಿ. ಜ್ಯೋತಿಷಿಯ ಪ್ರಕಟಣೆ.
೨) ಅತ್ತೆಯವರ ಮೌಖಿಕ ಆದೇಶ. (ಲಿಖಿತ ಪ್ರತಿ ಕೇಳುವ ಧೈರ್ಯ ಅರ್ಜಿದಾರಳಿಗೆ ಇರಲಿಲ್ಲ.)

ಮಾನ್ಯರೇ,

ತಮ್ಮಲ್ಲಿ ವಿನಂತಿಸುವುದೇನೆಂದರೆ, ನಾನು ಈ ಮನೆಯಲ್ಲಿ ಹೆಚ್ಚು ಮಾತಾಡುವವಳಲ್ಲ. ಹೇಳಬೇಕಾದದ್ದನ್ನು ಡೈರಿಯಲ್ಲಿ ಬರೆದು ಸುಮ್ಮನಾಗುವುದು ರೂಢಿ. ಈ ಸಲ ಡೈರಿಯಿಂದ ಕೆಲಸ ಆಗುವಂತಿಲ್ಲವಾದ ಕಾರಣ ತಮ್ಮವರೆಗೆ ಬರಬೇಕಾಯಿತು.

೧. ನನ್ನ ಮಗಳು ಶ್ರಾವಣಿಗೆ ಹನ್ನೊಂದು ತಿಂಗಳು. ಸದರಿ ಮಗು ಅಂಬೆಗಾಲಿಡುವುದಿಲ್ಲ. ಒಂದು ಕೈ ನೆಲಕ್ಕೂರಿ, ಕೂತಲ್ಲಿಂದಲೇ ಕುಂಡಿಯ ಮೇಲೆ ಸರಿಯುತ್ತ, ಶಂಟಿಂಗ್ ಇಂಜಿನ್ನಿನ ಹಾಗೆ ಫರ್ಸಿ ನೆಲದ ಮೇಲೆ ಹಿಂದೆ ಮುಂದೆ ಓಡಾಡುತ್ತದೆ. ಅದರ ಕೈಗೆ ಸಿಕ್ಕ ಜೋಳದ ಹಿಟ್ಟಿನ ಡಬ್ಬಿ, ಅಪ್ಪನ ಬೂಟು, ಅಜ್ಜಿಯ ಎಲೆಅಡಿಕೆ ಚೀಲ ಯಾವುವೂ ಮೊದಲಿನಂತಿಲ್ಲ. ಈಗೀಗ ಮಂಚದ ಕಾಲು ಹಿಡಿದು ಏಳಲು ನೋಡುತ್ತಿದೆ. ಮಕ್ಕಳ ಡಾಕ್ಟರು ಕಾಲು, ಸೊಂಟ ಎಲ್ಲ ಒತ್ತಿ ನೋಡಿ, "ಕೆಲವು ಮಕ್ಕಳು ಹಿಂಗೇ ಸರೀತಾವ್ರಿ. ಕಾಲಾಗ ಬಲ ಅದ, ಚಿಂತಿ ಬಿಡ್ರಿ" ಎಂದು ಚೀಟಿ ಬರೆದಿದ್ದಾರೆ.

೨. ಚೀಟಿ ಕಂಡ ಅತ್ತೆಯವರು, "ಆ ಡಾಕ್ಟರಗೇನ್ ತಿಳೀತದ? ಅಂವ ಹಡದಾನೇನು?" ಎಂದು ಪ್ರಕರಣ ಮುಕ್ತಾಯಗೊಳಿಸಿದರು.

೩. ಪಕ್ಕದ ಮನೆಯ ಅಂಬುಬಾಯಿ ದಿನಾ ಚಹಾದ ಹೊತ್ತಿಗೆ ಬಂದು ತನಿಖೆ ನಡೆಸುತ್ತಾರೆ. "ನಮ್ಮ ಮೊಮ್ಮಗ ಒಂಬತ್ತನೇ ತಿಂಗಳಿಗೇ ಓಡಾಡ್ತಿದ್ದ ನೋಡವ್ವ. ನಿಮ್ಮದು ಇನ್ನಾ ನೆಲ ಒರಸಾಕತ್ತದ." ಅಷ್ಟು ಬೇಗ ನಡೆದ ಆ ಮೊಮ್ಮಗ ಈಗ ಓಣಿ ತುದಿಯ ಅಂಗಡಿಗೂ ಮೋಟರ್‌ಸೈಕಲ್ ಇಲ್ಲದೆ ಹೋಗುವುದಿಲ್ಲ. ಇದನ್ನು ತಾವು ಮೇಲಿನಿಂದ ನೋಡಿಯೇ ಇರುತ್ತೀರಿ.

೪. ಗ್ರಹಣ ಹಿಡಿದಷ್ಟು ಹೊತ್ತು ಮಗುವನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂಳಿದರೆ ಕಾಲಿಗೆ ಬಲ ಬರುತ್ತದೆ ಎಂದು ಇವರಿಬ್ಬರೂ ಸೇರಿ ತೀರ್ಮಾನಿಸಿದರು. ನನ್ನ ಪತಿ ಅಜಯಕುಮಾರ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುವವರು. ಅವರಾದರೂ ಕೆಂಪು ದೀಪ ಹಾಕಿಯಾರು ಎಂದುಕೊಂಡೆ. "ಅವ್ವಂದೊಂದು ಸಮಾಧಾನ. ಒಂದೆರಡು ತಾಸಿನ ಮಾತು, ಏನಾಗ್ತದ?" ಎಂದರು. ಬಚ್ಚಲಿನ ಚಿಲಕ ಮುರಿದು ಮಳೆಗಾಲ ಕಳೆದರೂ ಬಿಡುವಾಗದ ಈ ಮಹನೀಯರು, ಎರವಲು ಸಲಿಕೆ ತಂದು ಒಂದೇ ಮುಂಜಾನೆಗೆ ಹಿತ್ತಲಲ್ಲಿ ತಗ್ಗು ತೋಡಿದರು. ಮಗಳ ಎತ್ತರ ಅಳೆಯುವುದಕ್ಕೆ ಮಾತ್ರ ನನ್ನನ್ನು ಕರೆದರು.

೫. ಕಾರಣ, ನಿನ್ನೆ ಮಧ್ಯಾಹ್ನ ಅತ್ತೆಯವರು ಮಲಗಿದ್ದಾಗ ಆ ತಗ್ಗಿನಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟು, ಮಣ್ಣು ಮುಚ್ಚಿ ತುಳಿದು, ನೀರು ಹಾಕಿದೆ. ಎದ್ದು ಬಂದವರು ಕೇಳಿದರು:

"ಇದ್ಯಾರು ಹಚ್ಚಿದ್ರು?"

"ನಾನ್ರೀ ಅತ್ತಿ."

"ಕಿತ್ತಿ ಒಗೀತೀನಿ ನೋಡು."

"ಕೀಳ್ರಿ. ನಾ ಶ್ರಾವಣೀನ್ ಕರ್ಕೊಂಡು ತವರಿಗೆ ಸೇಡಮ್ ಬಸ್ ಹತ್ತತೀನಿ. ಆಮ್ಯಾಲ ನಿಮ್ಮ ಮಗನ್ನೇ ಹುಗೀರಿ. ಅವರೂ ಇನ್ನಾ ಅವ್ವನ ಕೈ ಬಿಟ್ಟು ನಿಂತಿಲ್ಲ."

ಇಷ್ಟು ಉದ್ದದ ಮಾತನ್ನು ಈ ಮನೆಯಲ್ಲಿ ನಾನು ಆಡಿದ್ದು ಇದೇ ಮೊದಲು. ಪತಿಯವರು ಬಾಗಿಲಲ್ಲಿಯೇ ಇದ್ದರು. ಕೇಳಿಸದವರಂತೆ ಒಳಗೆ ಹೋಗಿ, ಬಚ್ಚಲಿನ ಚಿಲಕ ನೋಡತೊಡಗಿದರು.

೬. ಅಷ್ಟರಲ್ಲಿ ಶ್ರಾವಣಿ ಹೊಸ್ತಿಲು ಇಳಿದು, ಹಸಿ ಮಣ್ಣಲ್ಲೇ ಸರಿಯುತ್ತ ಬಂದು, ನುಗ್ಗೆ ಕೊಂಬೆಯನ್ನು ಎರಡೂ ಕೈಲಿ ಹಿಡಿದು ಎದ್ದು ನಿಂತಳು. ಇದರ ಶ್ರೇಯಸ್ಸು ಕಾಲಿಗೆ ಸಲ್ಲಬೇಕಿತ್ತು. ಅತ್ತೆಯವರು ಓಣಿಗೆಲ್ಲ ಕೇಳುವಂತೆ, "ಬರ್ರಿ, ನೋಡ್ರಿ! ಗ್ರಹಣ ಬರೂಕಿಂತ ಮದಲೇ ತಗ್ಗು ಕೆಲಸ ಮಾಡ್ತು!" ಎಂದು ಕೂಗಿದರು. ಅಂಬುಬಾಯಿ ಚಹಾದ ಬಟ್ಟಲು ಹಿಡಿದೇ ಓಡಿ ಬಂದರು. "ಹಂಗಾದ್ರ ಚಿಂಚೋಳಿಂದ ನನ್ನ ಮಗಳ ಕೂಸಿನ್ನೂ ಕರಿಸ್ತೀನಿ. ಅದು ಇನ್ನಾ ಬೋರಲ ಬೀಳೂದ್ರಾಗೇ ಅದ. ಈ ಕೊಂಬಿ ಬಾಜೂಕ ಇನ್ನೊಂದು ತಗ್ಗು ತೋಡಸ್ರಿ ಸುಂದರಮ್ಮ."

ನನ್ನ ಮಗಳು ಉಳಿದಳು. ಚಿಂಚೋಳಿಯ ಕೂಸನ್ನು ನಾನು ಕಂಡೂ ಇಲ್ಲ. ಅದರ ತಾಯಿಯೂ ಬಹುಶಃ ನನ್ನಂತೆ ಮಾತಾಡದವಳೇ ಇರಬೇಕು.

ಆದ್ದರಿಂದ, ತಾವು ದಯಮಾಡಿ ಸದರಿ ಗ್ರಹಣವನ್ನು ರದ್ದುಪಡಿಸಬೇಕು. ಆಗದಿದ್ದಲ್ಲಿ ರಾತ್ರಿಗೆ ಮುಂದೂಡಬೇಕು. ಆಗ ತಮಗೆ ಹೇಗೂ ಡ್ಯೂಟಿ ಇರುವುದಿಲ್ಲ. ಅದೂ ಆಗದಿದ್ದಲ್ಲಿ, ಮುಗಿದ ಕೂಡಲೇ ಹಿತ್ತಲಿಗೆ ಸರಿಯಾಗಿ ಬಿಸಿಲು ಬಿಡಬೇಕು. ನುಗ್ಗೆ ಚಿಗುರಬೇಕಾಗಿದೆ.

ತಮ್ಮೊಬ್ಬರಲ್ಲಿ ಮಾತ್ರ ಇನ್ನೂ ವಿಶ್ವಾಸ ಉಳಿದಿರುವ,
ಕರುಣಾ

ಲಗತ್ತುಗಳು (ಮಾಳಿಗೆಯ ಮೇಲೆ, ತಮಗೆ ಕಾಣುವ ಕಡೆ ಇಟ್ಟಿದೆ):
೧. ಡಾಕ್ಟರ ಚೀಟಿ. ಅತ್ತೆಯವರು ಇದರಲ್ಲಿ ವಿಭೂತಿ ಕಟ್ಟಿದ್ದರಿಂದ ಮಡಿಕೆ ಬಿದ್ದಿದೆ.
೨. ಶ್ರಾವಣಿಯ ಚಡ್ಡಿ, ಹಿಂಭಾಗ ಸವೆದದ್ದು. ಚಲನೆಯ ಪುರಾವೆಗಾಗಿ.
೩. ಸಲಿಕೆ, ಒಂದು. ಅಮಾವಾಸ್ಯೆ ಮುಗಿಯುವವರೆಗೆ ಯಾರು ಬಂದು ಕೇಳಿದರೂ ಕೊಡಬಾರದಾಗಿ ವಿನಂತಿ.