ರಂಗೋಲಿ ಇಲ್ಲದ ಅಂಗಳದ ಫೋಟೋ

ಲಾಕ್‌ಡೌನಿನಲ್ಲಿ ಜನ ಹಪ್ಪಳ ಒತ್ತಿದರು, ಗಡ್ಡ ಬಿಟ್ಟರು. ನಾನು ಕಲಾವಿದನಾದೆ! ಶೆಟ್ಟಿಹಳ್ಳಿಯ ನಮ್ಮ ಬಡಾವಣೆಯಲ್ಲಿ ದಿನಾ ಬೆಳಿಗ್ಗೆ, ಪೊಲೀಸರು ರಸ್ತೆಗಿಳಿಯುವ ಮುನ್ನ, ಮಾಸ್ಕ್ ಹಾಕಿಕೊಂಡು ವಾಕಿಂಗ್ ಹೊರಡುತ್ತಿದ್ದೆ. ಮನೆಮನೆಯ ಮುಂದಿನ ರಂಗೋಲಿಯ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕುವುದೇ ನನ್ನ ಕಾಯಕ. ಎಲ್ಲರೂ ಮೆಚ್ಚಿದರು. ಹೆಂಡತಿ ಸುಶೀಲ ಮಾತ್ರ, "ಊರೋರ ರಂಗೋಲಿ ಎಲ್ಲಾ ಕಾಣ್ತದೆ ನಿಮ್ಗೆ. ಮನೇದು ಒಂದಿನ ತೆಗ್ದಿದೀರಾ?" ಎನ್ನುತ್ತಿದ್ದಳು.

ಈ ಕೀರ್ತಿಯಿಂದಾಗಿ ನನ್ನ ಹೆಗಲಿಗೊಂದು ಮಹತ್ತರ ಜವಾಬ್ದಾರಿ ಬಿತ್ತು. ಹಿಂದಿನ ರಸ್ತೆಯ ರಾಜಣ್ಣ ನನ್ನ ಹಳೆಯ ಗೆಳೆಯರು. ಅವರ ಮಗಳಿಗೆ ಗುಬ್ಬಿಯ ಹುಡುಗ ಗೊತ್ತಾಗಿದ್ದ. ಮದುವೆ ಅವರ ಮನೆಯ ಅಂಗಳದಲ್ಲೇ, ಬೆರಳೆಣಿಕೆಯ ಜನರೊಂದಿಗೆ. ಸ್ಟುಡಿಯೋದವನು ಬರಲ್ಲ ಎಂದಿದ್ದ.

"ಫೋಟೋ ನೀನೇ ತೆಗ್ದುಬುಡೋ. ನೀನಿಲ್ದೆ ನಮ್ಮನೇಲಿ ಮದ್ವೆ ಏನ್ಲಾ?" ಎಂದರು ರಾಜಣ್ಣ. ಯಾರ ಮನೆಗೂ ಯಾರೂ ಹೋಗದಿದ್ದ ಆ ದಿನಗಳಲ್ಲಿ ಈ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು.

ಇನ್ನೇನು ಮದುವೆ ಹತ್ತಿರ ಬಂತು ಅನ್ನುವಾಗ ಒಂದು ಬೆಳಿಗ್ಗೆ ರಾಜಣ್ಣನ ಮನೆ ಮುಂದೆ ರಂಗೋಲಿಯೇ ಇರಲಿಲ್ಲ. ಖಾಲಿ ಅಂಗಳ, ಮುಚ್ಚಿದ ಬಾಗಿಲು! ನನ್ನೊಳಗಿನ ಕಲಾವಿದ ಎದ್ದು ಕೂತ. ಕಪ್ಪು-ಬಿಳುಪಿನಲ್ಲಿ ಕ್ಲಿಕ್ಕಿಸಿ, "ರಾಜಣ್ಣನವರ ಮನೆ. ಇಂದು ರಂಗೋಲಿಯಿಲ್ಲ. ಮಾತೇ ಹೊರಡುತ್ತಿಲ್ಲ" ಎಂದು ಬರೆದು ಗ್ರೂಪಿಗೆ ಹಾಕಿದೆ.

ಮುಗಿದ ಕೈಗಳ ಚಿತ್ರ ಸಾಲುಸಾಲಾಗಿ ಬಂದವು. ಇಷ್ಟು ಮೆಚ್ಚುಗೆ ಎಂದೂ ಸಿಕ್ಕಿರಲಿಲ್ಲ! ವಿನಯದಿಂದ ನಾನೂ ಕೈಮುಗಿದೆ.

ಸುಶೀಲ ಫೋನ್ ಹಿಡಿದು ಅಡುಗೆಮನೆಯಿಂದ ಓಡಿಬಂದಳು. "ರೀ, ರಾಜಣ್ಣ ತೀರ್ಕೊಂಡ್ರಾ?"

"ಯಾರೇ ಹೇಳಿದ್ದು?"

"ನೀವೇ! ಸಾವಾದ ಮನೇಲಿ ಕಣ್ರೀ ರಂಗೋಲಿ ಹಾಕ್ದೇ ಇರೋದು. ಇಂಥಾ ಕಾಲದಲ್ಲಿ ಹಿಂಗ್ ಬರೆದ್ರೆ ಜನ ಇನ್ನೇನ್ ತಿಳ್ಕೋತಾರೆ?"

ಆಗೆಲ್ಲ ಬೆಳಗಾದರೆ ಅಂಥದ್ದೇ ಸುದ್ದಿ. ಓಡಿದೆ. ಗೇಟಿನಿಂದ ಇಣುಕಿದರೆ ರಾಜಣ್ಣ ಜಗಲಿಯ ಆರಾಮಕುರ್ಚಿಯಲ್ಲಿ ಸೊಗಸಾಗಿ ನಿದ್ದೆ ಹೊಡೆಯುತ್ತಿದ್ದರು. ಬದುಕಿದ್ದಾರೆ! ಎಬ್ಬಿಸುವುದೇಕೆಂದು ಅಲ್ಲಿಂದಲೇ ಒಂದು ಫೋಟೋ ತೆಗೆದು, ಸಾಕ್ಷಿಗಿರಲಿ ಎಂದು ಗ್ರೂಪಿಗೆ ತಳ್ಳಿದೆ. ಅದರಲ್ಲಿ ಅವರ ಕಣ್ಣು ಮುಚ್ಚಿತ್ತು. ಬಾಯಿ ತೆರೆದಿತ್ತು. ಕಪ್ಪು-ಬಿಳುಪನ್ನು ಬದಲಾಯಿಸಲು ನಾನು ಮರೆತಿದ್ದೆ!

'ಓಂ ಶಾಂತಿ'ಗಳು ಸುರಿದವು. ಯಾವನೋ ಪುಣ್ಯಾತ್ಮ ಆ ಫೋಟೋವನ್ನು ಗುಬ್ಬಿಗೂ ಕಳಿಸಿದ. ಬೀಗರು ಸೂತಕವೆಂದು ಮದುವೆ ಮುಂದಕ್ಕೆ ಹಾಕಿ, ಪುರೋಹಿತರಿಗೂ ತಿಳಿಸಿ, ಆಮೇಲೆ ಅಳುತ್ತಾ ರಾಜಣ್ಣನ ಮನೆಗೆ ಫೋನ್ ಮಾಡಿದರು. ಫೋನ್ ಎತ್ತಿದ್ದು ರಾಜಣ್ಣ!

ಸಂಜೆ ಹೋಗಿ ಅವರ ಗೇಟಿನಲ್ಲಿ ನಿಂತೆ. ಒಳಗೆ ಬಾ ಅನ್ನಲಿಲ್ಲ.

"ರಂಗೋಲಿ ಪುಡಿ ಮುಗ್ದಿತ್ತು ಕಣೋ. ಅಂಗಡಿ ಎಲ್ಲಿ ತೆಗ್ದವ್ರೆ? ಒಂದ್ ಮಾತು ಕೇಳಕ್ಕೆ ಏನಾಗಿತ್ತು ನಿಂಗೆ? ಬೀಗ್ರಿಗೆ ವಿಡಿಯೋ ಕಾಲ್ ಮಾಡಿ, ಕೈಕಾಲು ಆಡ್ಸಿ ತೋರಿಸ್ದೆ, ಬದ್ಕಿದೀನಿ ಅಂತ. ಮಗ್ಳು ಬೆಳಿಗ್ಗೆಯಿಂದ ಅಳ್ತಾವ್ಳೆ."

"ಮದ್ವೆ?"

"ಅದೇ ದಿನ ಆಯ್ತದೆ. ನೀನ್ ಬರ್ಬೇಡ ಬುಡು. ನಿನ್ ಕ್ಯಾಮೆರಾ ಮುಂದೆ ಬೀಗ್ರು ಯಾರೂ ನಿಲ್ಲಲ್ವಂತೆ."

ಮದುವೆ ಆಯಿತು. ಹುಡುಗಿಯ ಕುಣಿಗಲ್ ಸೋದರಮಾವ ಫೋಟೋ ತೆಗೆದ. ಎಲ್ಲದರಲ್ಲೂ ಅವನ ಬೆರಳು ಅಡ್ಡ ಬಂದಿತ್ತು. ಆದರೂ ಗ್ರೂಪಿನವರೆಲ್ಲ ಸೂಪರ್ ಅಂದರು. ನಾನು ನಮ್ಮ ತಾರಸಿಯ ಮೇಲೆ ನಿಂತು ವಾಲಗ ಕೇಳಿದೆ. ಗೆಳೆಯನ ಮನೆಯ ಒಗ್ಗರಣೆ ವಾಸನೆ ಅಲ್ಲಿಯವರೆಗೂ ಬಂತು. ನಿಜವಾಗಿ ಅಳು ಬಂತು.

ನಾಚಿಕೆಗೆ ಸುಶೀಲ ನಮ್ಮ ಮನೆ ಮುಂದೆ ರಂಗೋಲಿ ಹಾಕುವುದನ್ನೇ ಬಿಟ್ಟಳು. "ಯಾರಿಗೆ ತೋರ್ಸಕ್ಕೆ?" ಎಂದಳು. ವಾರ ಕಳೆಯಿತು. ವಾಕಿಂಗ್ ಹೋಗುವವರೆಲ್ಲ ನಮ್ಮ ಬರಿದಾದ ಅಂಗಳವನ್ನು ನೋಡಿಕೊಂಡೇ ಹೋದರು. ಈ ಮನೆಯಲ್ಲಿ ಯಾರು ಸತ್ತರು ಎಂದು ಒಬ್ಬರೂ ಕೇಳಲಿಲ್ಲ.