ಮೇಷ್ಟ್ರ ಅಲೌಕಿಕ ಹಲ್ಲು

ಮೇಷ್ಟ್ರು: ನೋವಿಲ್ಲ ಅಂದ್ಮೇಲೆ ಇಲ್ಲ ಕಣೇ! ಏಳು, ಮನೆಗೆ ಹೋಗೋಣ.

ಹೆಂಡತಿ: ರಾತ್ರಿಯೆಲ್ಲಾ ಬೀದಿಗೆ ಬೀದಿಯೇ ಎದ್ದು ಕೂರೋ ಹಾಗೆ ಚೀರಾಡಿದವರು ಯಾರು, ನಾನಾ?

(ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿರುವ ಈ ಮೇಷ್ಟ್ರು ವಿಜ್ಞಾನದವರು. ಕೆನ್ನೆ ಊದಿದೆ, ಕಣ್ಣು ಬಾಗಿಲ ಮೇಲಿದೆ. ಇಕ್ಕಳ ಒರೆಸುತ್ತಿರುವ ಡಾಕ್ಟರು ಅವರ ಹಳೆಯ ವಿದ್ಯಾರ್ಥಿ. ಹಾಗಾಗಿ ಇನ್ನೂ ಮರ್ಯಾದೆಯಿಂದ ಕಾಯುತ್ತಿದ್ದಾರೆ.)

ಮೇಷ್ಟ್ರು: ಮೆಟ್ಟಿಲು ಹತ್ತುವಾಗ ಇತ್ತು. ಈ ಕುರ್ಚಿಗೆ ಬೆನ್ನು ತಾಗಿದ್ದೇ ತಡ, ಮಾಯ! ಮಾತ್ರೆಯಿಲ್ಲ, ಮದ್ದಿಲ್ಲ. ಇದನ್ನ ಅಲೌಕಿಕ ಅನ್ನದೆ ಇನ್ನೇನಂತಾರೆ?

ಹೆಂಡತಿ: ಅಲೌಕಿಕವಂತೆ! ನಮ್ಮಮ್ಮ ಕನಸಲ್ಲಿ ಕಂಡದ್ದು ಹಾಗೇ ನಡೆದಾಗ ಅಜೀರ್ಣ ಅಂದವರು ನೀವೇ ತಾನೇ?

ಮೇಷ್ಟ್ರು: ಅದು ಅಜೀರ್ಣವೇ. ಇದು ಬೇರೆ.

ಹೆಂಡತಿ: ಹೌದೌದು. ಅದು ನಮ್ಮಮ್ಮಂದು, ಇದು ನಿಮ್ಮದು.

ಡಾಕ್ಟರು: ಸರ್, ಕಾರಣ ಹುಡುಕೋಕೆ ಸೋಮಾರಿಯಾದವನು ಇಟ್ಟ ಹೆಸರೇ ಅಲೌಕಿಕ ಅಂತ ಕ್ಲಾಸಲ್ಲಿ ನೀವೇ ಹೇಳ್ತಿದ್ರಿ. ನಾನು ಒಪ್ಪಲಿಲ್ಲ ಅಂತ ಬೆಂಚಿನ ಮೇಲೆ ನಿಲ್ಲಿಸಿದ್ರಿ ಕೂಡ.

ಮೇಷ್ಟ್ರು: ಆಗ ನನ್ನ ಹಲ್ಲು ಚೆನ್ನಾಗಿತ್ತಪ್ಪ.

ಡಾಕ್ಟರು: ಇದಕ್ಕೆ ಕಾರಣ ಇದೆ ಸರ್. ಭಯ. ಇಕ್ಕಳ ಕಂಡ್ರೆ ಎಂಥವರ ನೋವೂ ಸ್ವಲ್ಪ ಹೊತ್ತು ಅಡಗಿ ಕೂರುತ್ತೆ. ಬೀದಿಗಿಳಿದ್ರೆ ಮತ್ತೆ ಶುರು.

ಮೇಷ್ಟ್ರು: ಭಯ? ನನಗಾ? ಪಂದ್ಯ ಕಟ್ಟಿ ಸ್ಮಶಾನದಲ್ಲಿ ಮಲಗಿ ಎದ್ದವನು ನಾನು!

ಹೆಂಡತಿ: ಅಲ್ಲಿ ಯಾರೂ ಬಾಯಿ ತೆಗೀರಿ ಅನ್ನಲಿಲ್ಲವಲ್ಲ.

ಮೇಷ್ಟ್ರು: ನೀನು ಸುಮ್ನಿರೇ! ಭಯ ಇಲ್ಲ, ಆದ್ದರಿಂದ ಕಾರಣ ಇಲ್ಲ, ಆದ್ದರಿಂದ ಅಲೌಕಿಕ. ಮುಗೀತು. ಯಾವುದೋ ಶಕ್ತಿ ನನ್ನ ಕೈಹಿಡಿದಿದೆ.

(ಹೆಂಡತಿ ನಿಜವಾಗಿಯೂ ಸುಮ್ಮನಾದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಪಾಪ, ಮೇಷ್ಟ್ರು ಗೆದ್ದೆನೆಂದುಕೊಂಡು ಕಾಲಲ್ಲೇ ಚಪ್ಪಲಿ ತಡಕತೊಡಗಿದರು.)

ಹೆಂಡತಿ: ಒಪ್ಕೊಂಡೆ ಕಣ್ರೀ, ಅಲೌಕಿಕವೇ. ಡಾಕ್ಟ್ರೇ, ಹಲ್ಲು ಹುಳುಕಾಗಿರೋದು ಮಾತ್ರ ಲೌಕಿಕ ತಾನೇ?

ಡಾಕ್ಟರು: ಬುಡದ ತನಕ, ಅಮ್ಮಾ. ಕೀಳಲೇಬೇಕು.

ಹೆಂಡತಿ: ಹಾಗಾದ್ರೆ ಕಿತ್ತುಬಿಡಿ. ಆ ಜೋಮು ಹಿಡಿಸೋ ಇಂಜೆಕ್ಷನ್ ಬೇಡ, ಒಳಗಿಡಿ. ನೋವಿನ ವಿಚಾರ ಇವರ ಆ ಶಕ್ತಿ ನೋಡ್ಕೊಳ್ಳುತ್ತೆ.

(ಡಾಕ್ಟರು ಸೂಜಿಯನ್ನು ತಟ್ಟೆಗೆ ಹಾಕಿ ಇಕ್ಕಳ ಎತ್ತಿಕೊಂಡರು.)

ಮೇಷ್ಟ್ರು: ಅಯ್ಯಯ್ಯೋ, ನಿಲ್ಲಯ್ಯಾ! ಭಯ ಕಣಯ್ಯಾ! ಬರೀ ಭಯ! ನಾನು ಹೇಳಿದ್ದೆಲ್ಲಾ ತಪ್ಪು. ಮೊದಲು ಆ ಸೂಜಿ ಚುಚ್ಚು!

ಹೆಂಡತಿ: ಕೇಳಿಸಿಕೊಂಡ್ರಾ ಡಾಕ್ಟ್ರೇ? ಮದುವೆಯಾದಾಗಿಂದ ಇವರ ಬಾಯಲ್ಲಿ 'ತಪ್ಪು' ಅನ್ನೋ ಮಾತು ಬಂದದ್ದು ಇದೇ ಮೊದಲು. ಅಲೌಕಿಕ ಅಂದ್ರೆ ಇದು!